ಸೆರಗಿಲ್ಲದ ಸೀರೆಯ ಹಿಂದೆ ಎಡಿನ್‌ಬರೋಗೆ

ರೋಣದ ಬಸ್ ಸ್ಟ್ಯಾಂಡು

ನಾನು ಪರದೇಶಕ್ಕೆ ಹೋದದ್ದು ಒಂದು ಸೀರೆ ನೋಡಲಿಕ್ಕೆ. ಇದನ್ನು ಕೇಳಿ ನಗದವರು ಯಾರೂ ಇಲ್ಲ. ರೋಣದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದ ಕಂಡಕ್ಟರೊಬ್ಬರು ನನ್ನ ದೊಡ್ಡ ಪೆಟ್ಟಿಗೆ ನೋಡಿ, "ಏನ್ರಿ ಮೇಡಂ, ವರ್ಗಾ ಆತೇನ್ರಿ?" ಎಂದು ಕೇಳಿದರು. ಇಲ್ಲ, ಸ್ಕಾಟ್ಲೆಂಡಿಗೆ ಹೊರಟಿದ್ದೇನೆ, ಅಲ್ಲೊಂದು ಹಳೆಯ ಸೀರೆ ಇದೆ ಎಂದೆ. "ಸೀರಿ ನೋಡಾಕ ಗಜೇಂದ್ರಗಡ ಸಾಲಂಗಿಲ್ಲೇನ್ರಿ?" ಎಂದವರೇ ಸೀಟಿ ಊದಿಬಿಟ್ಟರು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಹುಟ್ಟಿದ್ದು ಗಜೇಂದ್ರಗಡದ ನೇಕಾರರ ಓಣಿಯಲ್ಲಿ, ಮದುವೆಯಾಗಿ ಬಂದದ್ದು ರೋಣಕ್ಕೆ, ಇತಿಹಾಸ ಪಾಠ ಹೇಳುವುದು ನರಗುಂದದ ಕಾಲೇಜಿನಲ್ಲಿ. ನಮ್ಮ ಅವ್ವ ಶಿವಗಂಗವ್ವ ಈಗಲೂ ದಿನಾ ಮಗ್ಗದ ಮೇಲೆ ಕೂರುತ್ತಾಳೆ. ಅವಳ ಮಗಳಾದ ನಾನು ಕೂತರೆ ಐದು ನಿಮಿಷದೊಳಗೆ ನೂಲು ಕಡಿಯುತ್ತದೆ. ಅದಕ್ಕೇ ಓದಿಸಿದೆ ಎಂದು ಅವ್ವ ಬಂದವರೆದುರೆಲ್ಲ ಹೇಳುತ್ತಾಳೆ.

ನನ್ನನ್ನು ಕರೆಸಿಕೊಂಡವಳು ಮೋರಾಗ್. ಎಡಿನ್‌ಬರೋದವಳು, ಹಳೆಯ ಕೋರ್ಟು ಕಾಗದಗಳನ್ನು ಓದಿ ಊರುಗಳ ಚರಿತ್ರೆ ಬರೆಯುವವಳು. ಎರಡು ಚಳಿಗಾಲ ಗಜೇಂದ್ರಗಡದಲ್ಲಿ ಇದ್ದು, ನಮ್ಮ ಅವ್ವನ ಕೈಯ ರೊಟ್ಟಿ ಉಂಡು, ನಮ್ಮ ಕಡೆಯ ಮಾತನ್ನು ಇದ್ದ ಹಾಗೇ ಕಲಿತವಳು. ಅವ್ವನ ಬಾಯಲ್ಲಿ ಅವಳ ಹೆಸರು ಮುರಿಗೆವ್ವ ಆಗಿತ್ತು. ಶಾಸನಗಳಲ್ಲಿ ಊರು ಹೇಗಿರಬೇಕು ಎಂಬುದು ಇರುತ್ತದೆ, ಜಗಳದ ಕಾಗದದಲ್ಲಿ ಹೇಗಿತ್ತು ಎಂಬುದು ಇರುತ್ತದೆ ಎಂದು ಅವಳು ಹೇಳುತ್ತಿದ್ದಳು. ಹತ್ತಿರದ ಸೂಡಿಯ ಹಳೆಯ ಕಲ್ಲಿನ ಹೊಂಡ ತೋರಿಸಲು ಕರೆದುಕೊಂಡು ಹೋದರೆ ಹೊಂಡವನ್ನು ಎರಡು ನಿಮಿಷ ನೋಡಿದಳು. ಅಲ್ಲೇ ಹತ್ತಿರ ಇಬ್ಬರು ಹೆಂಗಸರು ಬಟ್ಟೆ ಒಗೆಯುವ ಕಲ್ಲಿನ ಸಲುವಾಗಿ ಜಗಳಾಡುತ್ತಿದ್ದುದನ್ನು ಒಂದು ತಾಸು ಬರೆದುಕೊಂಡಳು.

ಅವಳಿಗೆ ಸಿಕ್ಕಿದ್ದ ವ್ಯಾಜ್ಯ ಬ್ರಿಟಿಷರ ಕಾಲದ್ದು. ಕರಾವಳಿ ಕಡೆಯ ವ್ಯಾಪಾರಿಯೊಬ್ಬ ಗಜೇಂದ್ರಗಡದ ನೇಕಾರನ ಮೇಲೆ ದಾವೆ ಹೂಡಿದ್ದ. ಸೀರೆಯನ್ನು ಅರ್ಧಕ್ಕೇ ಕೊಯ್ದು ಕೊಟ್ಟಿದ್ದಾನೆ, ಸೆರಗನ್ನೇ ನೇಯ್ದಿಲ್ಲ ಎಂಬುದು ದೂರು. ನೇಕಾರನ ಹೆಸರು ರಾಚಪ್ಪ. ಅವನು ಕೋರ್ಟಿನಲ್ಲಿ ಹೇಳಿದ್ದು ಇಷ್ಟೇ: "ಸೀರಿ ಪೂರಾ ನೇಯ್ದು ಕೊಟ್ಟೇನಿ. ಮತ್ತೇನೂ ಹೇಳೂದಿಲ್ಲ." ಬಿಳಿಯ ನ್ಯಾಯಾಧೀಶರು ಸೀರೆಯನ್ನು ತರಿಸಿ ನೋಡಿ, ಸೆರಗು ಇಲ್ಲದ್ದನ್ನು ಕಂಡು, ಇವನು ಸುಳ್ಳುಗಾರ ಎಂದು ಬರೆದರು. ಆಮೇಲೆ ರಾಚಪ್ಪ ಊರು ಬಿಟ್ಟನಂತೆ. ನಿವೃತ್ತರಾದ ನ್ಯಾಯಾಧೀಶರು ತಮ್ಮ ಟಿಪ್ಪಣಿಗಳ ಜೊತೆ ಸೀರೆಯನ್ನೂ ತಮ್ಮ ಎಡಿನ್‌ಬರೋಗೆ ಒಯ್ದಿದ್ದರು. ಅದು ಕೈಯಿಂದ ಕೈಗೆ ದಾಟಿ ಅಲ್ಲಿಯ ಒಂದು ದಾಖಲೆ ಸಂಗ್ರಹಾಲಯ ಸೇರಿತ್ತು.

ಮೋರಾಗ್ ಕಳಿಸಿದ ಫೋಟೋಗಳಿಂದ ಕನ್ನಡ ಕಾಗದಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಕೊಟ್ಟವಳು ನಾನೇ. ಸೀರೆಯ ಫೋಟೋ ಒಂದೇ ಇತ್ತು, ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದು, ಅಂಚು ಮಾತ್ರ ಕಾಣುವಂಥದ್ದು. ಅದನ್ನು ಅವ್ವನಿಗೆ ತೋರಿಸಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಇಳಿದ ದಿನ

ವಿಮಾನ ನಿಲ್ದಾಣದ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. ಕೋರ್ಟಿನ ಒಂದು ವ್ಯಾಜ್ಯದ ಸಲುವಾಗಿ ಎಂದೆ. ನೀವು ವಾದಿಯೋ ಪ್ರತಿವಾದಿಯೋ ಎಂದ. ಇಬ್ಬರೂ ತೀರಿಹೋಗಿ ಬಹಳ ವರ್ಷ ಆಯಿತು ಎಂದೆ. ಅವನು ಪೆನ್ನು ಕೆಳಗಿಟ್ಟು ಮೇಲಿನವರನ್ನು ಕರೆದ. ಮೋರಾಗ್‌ಳ ಪತ್ರ ಚೀಲದ ತಳದಲ್ಲಿ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಪೊಟ್ಟಣದ ಕೆಳಗೆ ಸಿಕ್ಕಿತು. ಪತ್ರಕ್ಕೆ ಎಣ್ಣೆ ಹತ್ತಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಓದಿ, ನನ್ನನ್ನು ಒಳಗೆ ಬಿಟ್ಟರು.

ಅಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಮುದುಕರು, ಕಾಲೇಜು ಹುಡುಗಿಯರು, ಕುಡಿದವರು, ಎಲ್ಲರೂ. ನಮ್ಮ ಗಜೇಂದ್ರಗಡದ ಬಸ್ಸಿನಲ್ಲಿ ಇಳಿಯುವವರಿಗೆ ಅಷ್ಟು ಪುರಸೊತ್ತು ಎಲ್ಲಿದೆ, ಹತ್ತುವವರು ಆಗಲೇ ಕಿಟಕಿಯಿಂದ ಟವೆಲ್ ಹಾಕಿರುತ್ತಾರೆ. ಮೊದಲ ದಿನ ಮರೆತು ಸುಮ್ಮನೆ ಇಳಿದು ಮನಸ್ಸಿಗೆ ಕಸಿವಿಸಿಯಾಯಿತು. ಮರುದಿನ ಗಾಬರಿಯಲ್ಲಿ ಬಾಯಿಗೆ ಬಂದದ್ದು "ಬರ್ತೀನ್ರಿ." ಡ್ರೈವರ್ ಕೈ ಎತ್ತಿದ. ಆಮೇಲೆ ಇದ್ದಷ್ಟು ದಿನವೂ ಅದನ್ನೇ ಹೇಳಿದೆ, ಒಬ್ಬರೂ ತಕರಾರು ಮಾಡಲಿಲ್ಲ.

ಮಳೆಯಂತೂ ಬೀಳುತ್ತಲೇ ಇರಲಿಲ್ಲ, ಗಾಳಿಯಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಯಾರೂ ಛತ್ರಿ ಬಿಚ್ಚುವುದಿಲ್ಲ. ನಾನೊಬ್ಬಳೇ ಬಿಚ್ಚಿದೆ, ಗಾಳಿ ಅದನ್ನು ಉಲ್ಟಾ ಮಾಡಿ ಹಾಕಿತು. ಕಸದ ಡಬ್ಬಿಗೆ ಹಾಕಲು ಹೋದರೆ ಅಲ್ಲಿ ಆಗಲೇ ಅಂಥವು ನಾಲ್ಕಿದ್ದವು.

ಹಳೆಯ ಪೇಟೆಯ ಸಂದಿಗಳಿಗೆ ಈಗಲೂ ಹಿಂದಿನ ಕಸುಬುಗಳ ಹೆಸರುಗಳಿವೆ, ಮಾಂಸದ ಪೇಟೆ, ಮೀನಿನ ಪೇಟೆ ಎಂದು. ಕಸುಬು ಹೋಗಿದೆ, ಹೆಸರು ಉಳಿದಿದೆ. ನಮ್ಮ ಓಣಿಗೆ ನೇಕಾರರ ಓಣಿ ಎಂಬ ಬೋರ್ಡು ಯಾರೂ ಹಾಕಿಲ್ಲ, ಆದರೆ ಒಳಗೆ ಮಗ್ಗದ ಸದ್ದಿದೆ. ಈ ಹೋಲಿಕೆ ಮನಸ್ಸಿಗೆ ಬಂದಾಗ ನನಗೆ ಯಾಕೋ ಹೆಮ್ಮೆ ಎನಿಸಿತು.

ಮೋರಾಗ್‌ಳ ಅಡುಗೆಮನೆ

ಮೋರಾಗ್‌ಳ ಮನೆ ಮೂರನೆಯ ಮಹಡಿಯಲ್ಲಿ. ನನ್ನ ಪೆಟ್ಟಿಗೆಯನ್ನು ತಾನೇ ಹೊತ್ತು ಏರಿದಳು. ಶೇಂಗಾ ಚಟ್ನಿಯನ್ನು ಬ್ರೆಡ್ಡಿಗೆ ಸವರಿಕೊಂಡು, ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದಳು. ಗಜೇಂದ್ರಗಡದಲ್ಲಿ ಕಂಡ ನಗು ಮಾತ್ರ ಅವಳ ಮುಖದಲ್ಲಿ ಇರಲಿಲ್ಲ.

"ಶುಕ್ರವಾರ ನಂದು ಭಾಷಣ ಐತಿ, ಗಿರಿಜಕ್ಕಾ," ಎಂದಳು. "ಕೇಳಾಕ ಬರೋರೊಳಗ ನೌಕರಿ ಕೊಡೋರೂ ಇರ್ತಾರ. ಇಷ್ಟು ವರ್ಷ ಒಂದೊಂದ ವರ್ಷದ ಕೆಲಸಾ ಮಾಡೇನ್ರಿ. ಇದು ಸಿಕ್ಕರ ಖಾಯಂ. ಇಲ್ಲಾಂದ್ರ ಈ ಮನಿನೂ ಬಿಡಬೇಕು."

ಭಾಷಣ ರಾಚಪ್ಪನ ಮೇಲೆಯೇ ಇತ್ತು. ಮೋರಾಗ್‌ಳ ಪ್ರಕಾರ ಅವನು ಸುಳ್ಳುಗಾರ ಅಲ್ಲ, ಬಂಡಾಯಗಾರ. ಸೆರಗು ಸೀರೆಯ ಮಾನ. ಆ ಮಾನವನ್ನು ಪರ ಊರಿನ ವ್ಯಾಪಾರಿಗೆ ಕೊಡಲೊಲ್ಲದೆ, ಬೇಕೆಂದೇ ಸೆರಗು ಬಿಟ್ಟು, ಕೋರ್ಟಿನ ಮುಂದೆ ಪೂರಾ ನೇಯ್ದೇನಿ ಎಂದು ಅವರನ್ನೇ ಹಂಗಿಸಿದ. ಬಡವರು ಕಾನೂನಿನ ಎದುರು ಹೀಗೂ ಹೋರಾಡುತ್ತಿದ್ದರು ಎಂದು ಅವಳು ಚಂದಾಗಿ ಬರೆದಿದ್ದಳು. ಓದುತ್ತ ನನಗೂ ಮೈ ಜುಮ್ಮೆಂದಿತು. ನಮ್ಮ ಓಣಿಯವನೊಬ್ಬ ವೀರ ಎಂದರೆ ಯಾರಿಗೆ ಬೇಡ?

ಬುಧವಾರ, ಓದುವ ಕೋಣೆ

ಸಂಗ್ರಹಾಲಯದ ಓದುವ ಕೋಣೆಯಲ್ಲಿ ಪೆನ್ನಿಗೆ ಪ್ರವೇಶವಿಲ್ಲ, ಪೆನ್ಸಿಲು ಮಾತ್ರ. ಹಳೆಯ ಪುಸ್ತಕಗಳನ್ನು ಸಣ್ಣ ದಿಂಬಿನ ಮೇಲೆ ಮಲಗಿಸುತ್ತಾರೆ. ನಮ್ಮ ತಾಲೂಕು ಕಚೇರಿಯ ಹಳೆಯ ಕಡತಗಳು ನೆನಪಾದವು, ಅವಕ್ಕೆ ಸಿಕ್ಕುವುದು ಗೆದ್ದಲಿನ ಉಪಚಾರ. ಕೋಣೆ ನೋಡಿಕೊಳ್ಳುವ ಉದ್ದನೆಯ ಹಿರಿಯರೊಬ್ಬರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಂದು ಮೇಜಿನ ಮೇಲಿಟ್ಟರು. ಮುಚ್ಚಳದ ಮೇಲಿನ ಚೀಟಿಯಲ್ಲಿ "ಅಪೂರ್ಣ ಸೀರೆ" ಎಂದೂ ಕೆಳಗೆ ದಾವೆ ಹೂಡಿದ ವ್ಯಾಪಾರಿಯ ಹೆಸರೂ ಇದ್ದವು. ನೇಯ್ದವನ ಹೆಸರು ಇರಲಿಲ್ಲ.

ಅವರು ಮುಚ್ಚಳ ತೆಗೆದರು. ಕಡುಗೆಂಪು ಮೈ, ಹಳದಿ ಬಣ್ಣದ ಅಗಲ ಅಂಚು. ನನ್ನ ಕೈ ನನ್ನನ್ನು ಕೇಳಲಿಲ್ಲ. ಸೀರೆ ಅಂಗಡಿಯಲ್ಲಿ ನಮ್ಮ ಕಡೆಯ ಯಾವ ಹೆಣ್ಣುಮಗಳಾದರೂ ಮಾಡುವ ಹಾಗೆ, ಸೀರೆಯ ಮೂಲೆ ಹಿಡಿದು ಮಗುಚಿ ಹಿಂಬದಿ ನೋಡಿದೆ.

"ಮೇಡಂ!" ಎಂದು ಹಿರಿಯರು ಧಾವಿಸಿದರು. ಇಡೀ ಕೋಣೆ ತಲೆ ಎತ್ತಿತು. ಮುಟ್ಟುವ ಹಾಗಿರಲಿಲ್ಲವಂತೆ. ಮೋರಾಗ್ ಕಿವಿಯವರೆಗೆ ಕೆಂಪಾಗಿ ನನ್ನ ಪರವಾಗಿ ಕ್ಷಮೆ ಕೇಳಿದಳು. ನಾನೂ ಕೇಳಿದೆ. ಆದರೆ ನೋಡುವುದನ್ನು ನೋಡಿಬಿಟ್ಟಿದ್ದೆ.

ಹಿಂಬದಿ ಎಂಬುದೇ ಇರಲಿಲ್ಲ. ಎರಡೂ ಕಡೆ ಒಂದೇ ಸಮ. ಅದು ನಮ್ಮ ಓಣಿಯ ಪಟ್ಟೇದಂಚಿನ ಸೀರೆ, ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಉಡುವ ಗಟ್ಟಿ ಸೀರೆ. ಇದಕ್ಕೆ ಒಳಮೈ ಹೊರಮೈ ಇಲ್ಲ, ಈ ತುದಿ ಆ ತುದಿ ಎಂಬ ಭೇದವಿಲ್ಲ. ಒಂದು ಕಡೆ ಸವೆದರೆ ತಿರುಗಿಸಿ ಉಡಬಹುದು. ಅದಕ್ಕಾಗಿಯೇ ಸೆರಗನ್ನು ಬೇರೆಯಾಗಿ ನೇಯುವುದಿಲ್ಲ. ಇಂಥ ಸೀರೆಯ ಕೌದಿ ಹೊದ್ದು ನಾನು ಬೆಳೆದಿದ್ದೇನೆ.

ಮೋರಾಗ್ ಟಿಪ್ಪಣಿ ಬರೆಯುತ್ತಿದ್ದಳು. ಸ್ವಲ್ಪ ಗಾಳಿಗೆ ಹೋಗಿ ಬರುತ್ತೇನೆ ಎಂದು, ಹಿರಿಯರ ಅನುಮತಿ ಪಡೆದು ಒಂದು ಫೋಟೋ ತೆಗೆದುಕೊಂಡು ಹೊರಗೆ ಬಂದೆ.

ಹೊರಗಿನ ಮೆಟ್ಟಿಲು

ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ದೀಪ ಹಚ್ಚುವ ಹೊತ್ತು. ವೈನಿಯ, ಅಂದರೆ ಅಣ್ಣನ ಹೆಂಡತಿಯ, ಮೊಬೈಲಿಗೆ ಫೋಟೋ ಕಳಿಸಿ ವಿಡಿಯೋ ಕರೆ ಮಾಡಿದೆ. ವೈನಿ ಓಡಿಹೋಗಿ ಅವ್ವನ ಮುಂದೆ ಹಿಡಿದಳು. ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು.

"ಪಟ್ಟೇದಂಚಿಂದು. ನೇಯಿಗಿ ಭಾಳ ಚಲೋ ಐತಿ. ಯಾರ ಮನ್ಯಾಗಿಂದ?"

"ಕೋರ್ಟಿಂದವ್ವ. ಇದನ್ನ ಅರ್ಧಾ ನೇಯ್ದು ಬಿಟ್ಟಾನ ಅಂತ ಜಡ್ಜ್ ಸಾಹೇಬ್ರು ಬರದಾರ. ಸೆರಗಿಲ್ಲಂತ."

"ಇದಕ್ಕ ಸೆರಗು ಎಲ್ಲಿಂದ ಬರಬೇಕು? ತಮ್ಮ ಮನ್ಯಾಗ ಹೆಂಡ್ತಿನ್ನರ ಕೇಳಬೇಕಿಲ್ಲೇನ ಅವರು?"

"ಅವರ ಹೆಂಡ್ತಿ ಸೀರಿ ಉಡ್ತಿದ್ದಿಲ್ಲವ್ವ."

"ಹಂಗಾರ ಸೀರಿ ನ್ಯಾಯಾ ಯಾಕ ಮಾಡಾಕ ಹೋದ್ರು?" ಎಂದಳು ಅವ್ವ. ಆಮೇಲೆ ಮುಖ ಮೊಬೈಲಿಗೆ ಹತ್ತಿರ ತಂದಳು. "ನೀ ಒಂದ ಕೆಲಸಾ ಮಾಡು. ಸೀರಿ ಸುರು ಮಾಡೂ ಮುಂದ ನಾವು ನಾಕ ಎಳಿ ದಪ್ಪನ ನೂಲು ಹೊಡೀತೀವಿ. ಮುಗದ ಮ್ಯಾಲೂ ನಾಕ ಎಳಿ ಹೊಡದ ಕೊಯ್ಯೂದು. ಎರಡೂ ತುದ್ಯಾಗ ಅದಾವೇನ ನೋಡು. ಇದ್ರ ಪೂರಾ ಐತಿ. ಒಂದ ತುದ್ಯಾಗ ಅಷ್ಟ ಇದ್ರ, ನಡಕ್ಕ ಕೊಯ್ದಾನಂತ ತಿಳಿ."

ನನಗೆ ಇದು ಗೊತ್ತಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ, ಮಕ್ಕಳಿಗೆ ಆಧಾರಗಳನ್ನು ಪರೀಕ್ಷಿಸುವುದು ಹೇಗೆ ಎಂದು ವರ್ಷಾ ವರ್ಷಾ ಪಾಠ ಹೇಳುತ್ತೇನೆ. ಅವ್ವನಿಗೆ ನೂಲು ಗೊತ್ತು, ಚರಿತ್ರೆ ಏನು ಗೊತ್ತು ಎಂದು ಎಲ್ಲೋ ಒಳಗೆ ಅಂದುಕೊಂಡಿದ್ದೆ. ಆ ಮೆಟ್ಟಿಲ ಮೇಲೆ ನನಗೆ ನಾಚಿಕೆಯಾಯಿತು.

ಅಷ್ಟೇ ಆಗಿದ್ದರೆ ಸರಿ. ಒಳಗೆ ಮೋರಾಗ್ ಕೂತಿದ್ದಳು. ಈ ಮಾತು ಹೇಳಿದರೆ ಅವಳ ಬಂಡಾಯ, ಭಾಷಣ, ಖಾಯಂ ನೌಕರಿ ಎಲ್ಲವೂ ಹೋಗುತ್ತಿದ್ದವು. ಹೇಳದಿದ್ದರೆ ಹೋಗುವುದು ಯಾವನೋ ಸತ್ತ ನೇಕಾರನ ಮಾತು ಮಾತ್ರ. ಆ ಮಾತು ಹೋಗಿ ಆಗಲೇ ಎಷ್ಟೋ ಕಾಲವಾಗಿದೆ. ಸುಮ್ಮನಿದ್ದುಬಿಡೋಣವೇ ಎಂದು ಯೋಚಿಸಿದ್ದು ಖರೇ. ಮುಚ್ಚಿಡುವುದಿಲ್ಲ.

ಮತ್ತೆ ಒಳಗೆ

ಹೇಳಿದೆ. ಪಿಸುದನಿಯಲ್ಲಿ, ಕನ್ನಡದಲ್ಲಿ, ಮೇಜಿನ ಅಂಚು ಹಿಡಿದುಕೊಂಡು ಹೇಳಿದೆ. ಮೋರಾಗ್ ಎದ್ದು ಹಿರಿಯರ ಹತ್ತಿರ ಹೋಗಿ, ಸೀರೆಯನ್ನು ಪೂರ್ತಿ ಬಿಚ್ಚಿ ತೋರಿಸಲು ಸಾಧ್ಯವೇ ಎಂದು ಕೇಳಿದಳು. ಅವರಿಗೆ ಮನಸ್ಸಿರಲಿಲ್ಲ. ನನ್ನನ್ನೊಮ್ಮೆ ನೋಡಿ ಕೈಗವಸು ಹಾಕಿಕೊಂಡರು.

ಉದ್ದದ ಮೇಜು ಬೇಕಾಯಿತು. ಒಂದು ತುದಿಯಲ್ಲಿ ನಾಲ್ಕು ದಪ್ಪ ಎಳೆ ಕಂಡವು. ಇನ್ನೊಂದು ತುದಿ ಒಳಗೆ ಮಡಚಿಕೊಂಡಿತ್ತು, ಮೇಲೆ ಕೋರ್ಟಿನ ಗುರುತಿನ ಬಟ್ಟೆ ಹೊಲಿದಿತ್ತು. ಹಿರಿಯರು ಅದರ ಕೆಳಗೆ ಕಾಗದದ ಪಟ್ಟಿ ತೂರಿಸಿ, ಮಡಿಕೆಯನ್ನು ಮೆಲ್ಲಗೆ ಎತ್ತಿದರು. ಒಂದು, ಎರಡು, ಮೂರು, ನಾಲ್ಕು.

ಮೋರಾಗ್ ಬಗ್ಗಿ ಆ ನಾಲ್ಕು ಎಳೆಗಳನ್ನು ಬಹಳ ಹೊತ್ತು ನೋಡಿದಳು. "ಪೂರಾ ನೇಯ್ದಾನ," ಎಂದಳು.

ಹೊರಗೆ ಬಂದು ನಡೆದೆವು. ಅವಳು ನನ್ನ ಕಡೆ ನೋಡಲಿಲ್ಲ.

"ಮೊದಲ ಯಾಕ ಹೇಳಲಿಲ್ರಿ ಅಕ್ಕಾ?"

"ನಾ ಸೀರಿ ಬಿಚ್ಚಿ ನೋಡಿದ್ದಿಲ್ಲ ಮೋರಾಗ್. ಕಾಗದ ಅಷ್ಟ ನೋಡಿದ್ದೆ. ತಪ್ಪು ನಂದ ಐತಿ."

"ನಾ ಎರಡ ಚಳಿಗಾಲ ಅವ್ವಾರ ಮಗ್ಗದ ಬಾಜೂಕ ಕುಂತು ಚಾ ಕುಡದೇನ್ರಿ," ಎಂದಳು. "ನಾನೂ ಕೇಳಲಿಲ್ಲ."

ನನಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಂಡೆ. ಅಲ್ಲಿಯ ಜನ ಹಾಗೆ ಸುಲಭವಾಗಿ ಕೈ ಹಿಡಿಯುವುದಿಲ್ಲ. ಅವಳು ಬಿಡಿಸಿಕೊಳ್ಳಲಿಲ್ಲ. ಮನೆ ಬರುವವರೆಗೆ ಹಾಗೇ ನಡೆದೆವು.

ಮರುದಿನವಿಡೀ ಅವಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ನಾನು ಅನ್ನ ಸಾರು ಮಾಡಿ ಬಾಗಿಲ ಮುಂದೆ ಇಟ್ಟು ಬರುತ್ತಿದ್ದೆ. ತಟ್ಟೆಯ ಅಂಚಿನಲ್ಲಿ ಸ್ವಲ್ಪ ಅನ್ನ ಉಳಿಸಿ ಹೊರಗಿಡುತ್ತಿದ್ದಳು. ಹಳೆಯ ಭಾಷಣವನ್ನೇ ಓದುತ್ತಾಳೋ ಏನೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಶುಕ್ರವಾರ

ಸಭೆಯ ಬಾಗಿಲಲ್ಲಿ ಸೀರೆಯ ಚಿತ್ರವಿದ್ದ ಪೋಸ್ಟರು ಅಂಟಿಸಿದ್ದರು. ಅದರ ಮೇಲೆ "ಒಬ್ಬ ನೇಕಾರನ ಬಂಡಾಯ" ಎಂದಿತ್ತು. ಮೋರಾಗ್ ವೇದಿಕೆಗೆ ಹೋಗಿ, ಪೋಸ್ಟರಿನ ತಲೆಬರಹ ತಪ್ಪು ಎಂದು ಶುರುಮಾಡಿದಳು.

ಎಲ್ಲವನ್ನೂ ಹೇಳಿದಳು. ನ್ಯಾಯಾಧೀಶರು ತಮಗೆ ಗೊತ್ತಿದ್ದ ಸೀರೆಗಳಿಂದ ಈ ಸೀರೆಯನ್ನು ಅಳೆದರು. ಗಜೇಂದ್ರಗಡದಿಂದ ಒಬ್ಬ ನೇಕಾರನನ್ನಾಗಲಿ ಒಬ್ಬ ಹೆಂಗಸನ್ನಾಗಲಿ ಸಾಕ್ಷಿಗೆ ಕರೆಯಲಿಲ್ಲ. ಅವರು ಇವನನ್ನು ಸುಳ್ಳುಗಾರ ಮಾಡಿದರು. "ನಾನು ವೀರನನ್ನಾಗಿ ಮಾಡಿದೆ," ಎಂದಳು. "ಇಬ್ಬರೂ ಅವನ ಮಾತನ್ನು ಕೇಳಲಿಲ್ಲ. ಅವನು ಇದ್ದದ್ದನ್ನೇ ಹೇಳಿದ್ದ."

ಮುಂದಿನ ಸಾಲಿನ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು, ಈ ನಾಲ್ಕು ಎಳೆಗಳ ವಿಷಯಕ್ಕೆ ನಿಮ್ಮ ಆಧಾರ ಯಾವುದು ಎಂದು ಕೇಳಿದರು. ಶಿವಗಂಗವ್ವ, ನೇಕಾರರ ಓಣಿ, ಗಜೇಂದ್ರಗಡ ಎಂದಳು ಮೋರಾಗ್. ಅದು ಪ್ರಕಟವಾಗಿದೆಯೇ ಎಂದು ಅವರು ಕೇಳಿದರು. ಕೆಲವರು ನಕ್ಕರು. ಮೋರಾಗ್ ನಗಲಿಲ್ಲ. ಪ್ರತಿಯೊಂದು ಸೀರೆಯಲ್ಲೂ ಎರಡು ಸಲ ಪ್ರಕಟವಾಗಿದೆ ಎಂದಳು. ನನಗೆ ಎದ್ದು ನಿಂತು ಶಿಳ್ಳೆ ಹೊಡೆಯಬೇಕೆನಿಸಿತು. ಕಾಲೇಜಿನ ಮೇಡಂ ಎಂಬ ಮಾನಕ್ಕೆ ಸುಮ್ಮನೆ ಕೂತೆ.

ಸಂಜೆ ಆ ಪ್ರಾಧ್ಯಾಪಕರು ಅವಳನ್ನು ಕರೆದು ಮೆತ್ತಗೆ ಮಾತಾಡಿದರಂತೆ. ಪ್ರಾಮಾಣಿಕತೆ ಮೆಚ್ಚುವಂಥದ್ದೇ. ಆದರೆ ಸಂಶೋಧನೆಯ ತಿರುಳೇ ಬಿದ್ದುಹೋದ ಮೇಲೆ ಈ ಸಲ ನೌಕರಿ ಕಷ್ಟ ಎಂದರಂತೆ. ಅದನ್ನು ಹೇಳುವಾಗ ಮೋರಾಗ್‌ಳ ಕಣ್ಣುಗಳು ಒಣಗಿಯೇ ಇದ್ದವು. ನನಗೇ ದುಃಖ ತಡೆಯಲಾಗಲಿಲ್ಲ. ನಾನು ಬಾರದೇ ಇದ್ದಿದ್ದರೆ ಚೆನ್ನಾಗಿತ್ತು ಎಂದೆ. ಹಾಗೆ ಅನ್ನಬೇಡಿ ಎಂದು ಅವಳೇ ನನಗೆ ಚಹಾ ಮಾಡಿ ಕೊಟ್ಟಳು.

ಶನಿವಾರ

ಅವತ್ತೇ ನನ್ನ ವಿಮಾನವಿತ್ತು. ಮೋರಾಗ್ ಬೆಳಿಗ್ಗೆಯೇ ಕೋಟು ಹಾಕಿಕೊಂಡು, ಓದುವ ಕೋಣೆಗೆ ಹೋಗೋಣ ಬರ್ರಿ ಎಂದಳು. ಉದ್ದನೆಯ ಹಿರಿಯರು ನಮ್ಮನ್ನು ಕಾಯುತ್ತಿದ್ದವರಂತೆ ಕಂಡರು. ತಮ್ಮ ಮೇಲಿನವರನ್ನು ಕೇಳಿ, ಮೋರಾಗ್ ತಿಳಿಸಿದ್ದ ಹೆಸರುಗಳನ್ನು ಹಾಕಿ, ಹೊಸ ಚೀಟಿಯೊಂದನ್ನು ಬರೆದಿಟ್ಟಿದ್ದರು. ಸರಿ ಇದೆಯೇ ನೋಡಿ ಎಂದು ಮೊದಲು ನನ್ನ ಕೈಗೆ ಕೊಟ್ಟರು. "ಪಟ್ಟೇದಂಚಿನ ಸೀರೆ, ಪೂರ್ಣ. ನೇಯ್ದವರು: ರಾಚಪ್ಪ, ಗಜೇಂದ್ರಗಡ." ಕೆಳಗೆ ಸಣ್ಣ ಅಕ್ಷರದಲ್ಲಿ ಗುರುತಿಸಿದವರು ಎಂದು ಅವ್ವನ ಹೆಸರು. ಅಕ್ಷರಗಳು ಇಂಗ್ಲಿಷಿನವು, ಹೆಸರುಗಳು ನಮ್ಮ ಓಣಿಯವು.

ಅವ್ವನಿಗೆ ಕರೆ ಮಾಡಿದೆವು. ನೌಕರಿಯ ಸುದ್ದಿ ನಾನು ಹಿಂದಿನ ದಿನವೇ ತಿಳಿಸಿದ್ದೆ. ಅವ್ವ ಮೊದಲು ನನ್ನನ್ನು ಕೇಳಲೇ ಇಲ್ಲ.

"ಮುರಿಗೆವ್ವಾ, ಉಂಡೀಯೇನ?"

"ಉಂಡೇನ್ರಿ ಅವ್ವಾರ."

"ನೌಕರಿ ಹೋತಂತ?"

"ಹೋತ್ರಿ."

"ಚಳಿಗಾಲಕ್ಕ ಇಲ್ಲೇ ಬಾ. ನಿನ್ನ ಖೋಲಿ ಹಂಗ ಐತಿ. ಈ ಸಲಾ ಮಗ್ಗದ ಬಾಜೂಕ ಅಲ್ಲ, ಮಗ್ಗದ ಮ್ಯಾಲ ಕುಂದ್ರಸ್ತೀನಿ."

ಮೋರಾಗ್ ನಕ್ಕಳು. ಅವ್ವನ ಹೆಸರೂ ಚೀಟಿಯಲ್ಲಿದೆ ಎಂದು ಹೇಳಿದೆ. "ನಂದು ಯಾಕ? ಅವಂದು ಹಾಕ್ಯಾರಿಲ್ಲ?" ಎಂದಳು ಅವ್ವ. ಹಾಕಿದ್ದಾರೆ ಎಂದು ಮೋರಾಗ್ ಮೊಬೈಲನ್ನು ಚೀಟಿಯ ಕಡೆ ತಿರುಗಿಸಿದಳು. ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

"ಎಲ್ಲೈತಿ ಅವನ ಹೆಸರು? ಬೊಟ್ಟು ಇಡು."

ಮೋರಾಗ್ ಹೆಸರಿನ ಕೆಳಗೆ ಬೆರಳಿಟ್ಟಳು. ಅವ್ವ ಕನ್ನಡಕ ಸರಿಮಾಡಿಕೊಂಡು ಆ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಮ್ಮಿಬ್ಬರನ್ನೂ ಬಿಟ್ಟು, ಎದುರಿಗೆ ಕೂತವನ ಜೊತೆ ಮಾತಾಡುವ ಹಾಗೆ ಹೇಳಿದಳು.

"ರಾಚಪ್ಪಾ, ನೀ ಹೇಳಿದ್ದು ಖರೇ ಇತ್ತಪಾ. ನಿನ್ನ ಸೀರಿ ಪೂರಾ ಐತಿ."

ಅಲ್ಲಿಯವರೆಗೂ ಕಣ್ಣೀರು ಹಾಕದಿದ್ದ ಮೋರಾಗ್ ಆಗ ಅತ್ತಳು. ಹಿರಿಯರಿಗೆ ಕನ್ನಡ ಗೊತ್ತಿರಲಿಲ್ಲ, ಏನು ಹೇಳಿದರು ಎಂದೂ ಅವರು ಕೇಳಲಿಲ್ಲ. ಹಳೆಯ ಚೀಟಿಯನ್ನು ಕಿತ್ತು, ಹೊಸದನ್ನು ಅಂಟಿಸಿ, ಅದು ಒಣಗುವವರೆಗೆ ಅಂಗೈಯಿಂದ ಒತ್ತಿ ಹಿಡಿದು ನಿಂತರು.